ಹೊಸ ತೆನೆ ಕಲಿಸುವ ತೃಪ್ತಿ

‘ಇದ್ದುದರಲ್ಲಿ ತೃಪ್ತಿಪಡು’ ಎಂಬ ಮಾತನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳುವುದು ಸುಲಭವಲ್ಲ. ‘ಇನ್ನು ಓದಬೇಡ’ ಎಂದ ಹಾಗೆ ಅದು ಮಕ್ಕಳಿಗೆ ಕೇಳಿಸುತ್ತದೆ. ಹೆತ್ತವರಿಗಂತೂ ಅದು ಸೋತವರ ಸಮಾಧಾನ. 92 ಅಂಕ ತಂದ ಮಗನ ಮುಂದೆ 96 ತೆಗೆದ ನೆರೆಮನೆಯ ಹುಡುಗಿಯ ಪ್ರಸ್ತಾಪ ಬಂದೇ ಬರುತ್ತದೆ. 96 ತೆಗೆದವಳ ಮನೆಯಲ್ಲಾದರೂ ನೆಮ್ಮದಿ ಇದೆಯೇ? ಅಲ್ಲಿ 98ರ ಮಾತು ನಡೆಯುತ್ತಿರುತ್ತದೆ. ಹಾಗಾದರೆ ತೃಪ್ತಿಯೆಂದರೆ ಏನು? ಅದು ಎಲ್ಲಿಂದ ಬರುತ್ತದೆ?

ಪುತ್ತೂರು, ಸುಳ್ಯ, ಕಡಬದ ಕ್ರೈಸ್ತರ ಮನೆಗಳಲ್ಲಿ ಇದಕ್ಕೊಂದು ಉತ್ತರ ಪ್ರತಿವರ್ಷ ಸೆಪ್ಟೆಂಬರ್ 8ರಂದು ಊಟದ ಎಲೆಯ ಮೇಲೆಯೇ ಸಿಗುತ್ತದೆ. ಅಂದು ಮಾತೆ ಮರಿಯಮ್ಮನವರ ಜನ್ಮದಿನ. ಕೊಂಕಣಿ ಕೆಥೊಲಿಕರಿಗೆ ಅದು ಮೊಂತಿ ಫೆಸ್ತ್, ಊರಿನ ಉಳಿದವರ ಬಾಯಲ್ಲಿ ತೆನೆ ಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಚರ್ಚಿನಲ್ಲಿ ಅರ್ಪಿಸುತ್ತಾರೆ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಕಡಬ, ನೆಲ್ಯಾಡಿಯ ಕಡೆ ರಬ್ಬರ್ ಬೆಳೆಸಿದ ಸುರಿಯಾನಿ ಕ್ರೈಸ್ತರಿಗೂ ಇದು ಭಕ್ತಿಯ ಕಾಲವೇ. ಅವರು ಸೆಪ್ಟೆಂಬರ್ 1ರಿಂದ 8ರವರೆಗೆ ಎಂಟು ದಿನದ ಉಪವಾಸ ಆಚರಿಸುತ್ತಾರೆ.

ಹಬ್ಬದ ದಿನ ಧರ್ಮಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ಬಲಿಪೂಜೆಯ ಬಳಿಕ ಪ್ರತಿ ಕುಟುಂಬಕ್ಕೂ ತೆನೆ ಹಂಚುತ್ತಾರೆ. ನೂರು ಎಕರೆ ತೋಟದವರಿಗೂ ಕೂಲಿ ಮಾಡುವವರಿಗೂ ಸಿಗುವುದು ಅದೇ ತೆನೆ. ಮನೆಯಲ್ಲಿ ಅದರ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಆಮೇಲೆ ಮೀನು ಮಾಂಸವಿಲ್ಲದ ಊಟ. ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವ ಮಕ್ಕಳಿಗೆ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುವ ತಾಯಂದಿರಿದ್ದಾರೆ. ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಕ್ರಮವೂ ಇದೇ ಭಾವದ್ದು.

ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿದ್ದ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನ ಗುಡ್ಡ, ಈ ಹಬ್ಬದ ಮೂಲಸ್ಥಾನ. ಅಲ್ಲಿನ ಫಾದರ್ ಜೋಕಿಂ ಮಿರಾಂದ ಅವರು 1763ರಲ್ಲಿ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಮನೆ, ಗದ್ದೆ, ಬಂಧುಗಳನ್ನು ಕಳೆದುಕೊಂಡು ಬಂದ ಆ ಜನರ ಸಂತತಿ ಇಂದಿಗೂ ಮೊದಲ ತೆನೆಯನ್ನು ದೇವರ ಮುಂದಿಡುತ್ತಿದೆ. ಎಲ್ಲ ಇದ್ದವರಷ್ಟೇ ಕೃತಜ್ಞರಾಗಬಲ್ಲರು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಈಗ ವಿಜ್ಞಾನದ ಕಣ್ಣಿನಿಂದ ಆ ತೆನೆಯನ್ನು ನೋಡೋಣ. ಒಣಗಿದ ಕಾಳಿನ ತೂಕದಲ್ಲಿ ಮಣ್ಣಿನ ಪಾಲು ಬಹಳ ಸ್ವಲ್ಪ. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಬಿಸಿಲಿನ ಶಕ್ತಿಯಿಂದ ಒಂದುಗೂಡಿ ಪಿಷ್ಟವಾಗುತ್ತವೆ. ದ್ಯುತಿಸಂಶ್ಲೇಷಣೆ ಎಂದು ನೀವು ಓದಿದ ಪಾಠವೇ ಇದು. ಉಳುವುದು, ನೆಡುವುದು, ಕಳೆ ಕೀಳುವುದು ರೈತನ ಬೆವರು. ಗಾಳಿಗೆ, ಮಳೆಗೆ, ಬಿಸಿಲಿಗೆ ಯಾರೂ ಹಣ ಕೊಟ್ಟಿಲ್ಲ. ಲೆಕ್ಕ ಸರಿಯಾಗಿ ಹಾಕಿದವನಿಗೆ ತನ್ನ ದುಡಿಮೆಯ ಜೊತೆಗೆ ತನಗೆ ಉಚಿತವಾಗಿ ಬಂದದ್ದೂ ಕಾಣುತ್ತದೆ. ಭಕ್ತನು ಅದನ್ನು ದೇವರ ದಾನ ಎನ್ನುತ್ತಾನೆ. ತೃಪ್ತಿ ಅಲ್ಲಿಂದ ಹುಟ್ಟುತ್ತದೆ.

ಅದರಿಂದ ಸೋಮಾರಿತನ ಬರುವುದಿಲ್ಲ. ತೆನೆ ಅರ್ಪಿಸಿದ ರೈತ ಮರುದಿನ ಗದ್ದೆಗೆ ಇಳಿದೇ ಇಳಿಯುತ್ತಾನೆ. ಸಂತ ಪೌಲರು ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡಿದ್ದೇನೆ ಎಂಬರ್ಥದ ಮಾತಿದೆ. ‘ಕಲಿತುಕೊಂಡಿದ್ದೇನೆ’ ಎಂಬುದನ್ನು ಗಮನಿಸಿ. ತೃಪ್ತಿ ಹುಟ್ಟಿನಿಂದ ಬರುವ ಗುಣವಲ್ಲ. ಗಣಿತದಂತೆ ಅದಕ್ಕೂ ದಿನನಿತ್ಯದ ಅಭ್ಯಾಸ ಬೇಕು. ಊಟಕ್ಕೆ ಮುಂಚಿನ ಒಂದು ನಿಮಿಷದ ಪ್ರಾರ್ಥನೆ, ಸಂಜೆಯ ಜಪಮಾಲೆ, ಒಂಬತ್ತು ದಿನದ ಹೂ ಆ ಅಭ್ಯಾಸವೇ.

ಪ್ರಿಯ ವಿದ್ಯಾರ್ಥಿಗಳೇ, ಪರೀಕ್ಷೆಗೆ ಚೆನ್ನಾಗಿ ಓದಿ. ಹೆಚ್ಚಿನ ಅಂಕಕ್ಕೆ ಆಸೆಪಡುವುದು ತಪ್ಪಲ್ಲ. ಆದರೆ ಅಂಕಪಟ್ಟಿ ಕೈಗೆ ಬಂದ ದಿನ, ಕಲಿಸಿದವರನ್ನೂ, ಬುತ್ತಿ ಕಟ್ಟಿಕೊಟ್ಟ ಅಮ್ಮನನ್ನೂ, ನೋಟ್ಸ್ ಕೊಟ್ಟ ಗೆಳೆಯನನ್ನೂ ಮೊದಲು ನೆನೆಯಿರಿ. ಹೆತ್ತವರೇ, ಅಂದು ನೆರೆಮನೆಯ ಅಂಕ ಕೇಳುವ ಮುಂಚೆ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು ದೇವರಿಗೆ ಕೃತಜ್ಞತೆ ಹೇಳಿ. ಕಡಿಮೆ ಅಂಕ ಬಂದ ಮನೆಯಲ್ಲಿ ಇದನ್ನು ಮರೆಯಲೇಬಾರದು. ಮುಂದೇನು ಓದಬೇಕು, ಎಲ್ಲಿ ಸೇರಬೇಕು ಎಂಬ ಮಾತನ್ನು ಮರುದಿನ ನಿಧಾನವಾಗಿ ಆಡಬಹುದು.