ಹೆಲೆಬೋರ್ ತಂಗಿಯ ಅಂಗಳದಲ್ಲೇ ಇರಲಿ

ಇಂಗ್ಲೆಂಡಿನಲ್ಲಿರುವ ತಂಗಿ ಜನವರಿಯಲ್ಲಿ ವಾಟ್ಸಾಪ್‌ನಲ್ಲಿ ಒಂದು ಹೂವಿನ ಫೋಟೋ ಕಳಿಸಿದಳು. ಸುತ್ತ ಹಿಮ, ನಡುವೆ ತಲೆ ತಗ್ಗಿಸಿ ನಿಂತ ಬಿಳಿ ಹೂ. ಹೆಸರು ಹೆಲೆಬೋರ್. ಮಂಜೇಶ್ವರದ ನಮ್ಮ ಮನೆಯಲ್ಲಿ ಉಮ್ಮನಿಗೆ ಅದರ ಮೇಲೆ ಆಸೆಯಾಯಿತು. ನಾನೂ ಹಿಂದೆಮುಂದೆ ನೋಡದೆ ಆನ್‌ಲೈನ್‌ನಲ್ಲಿ ಬೀಜ ತರಿಸಿದೆ. ಮೂರು ತಿಂಗಳು ಉಮ್ಮ ಚಟ್ಟಿಗೆ ನೀರು ಹಾಕಿದ್ದೇ ಬಂತು, ಒಂದು ಬೀಜವೂ ಮೊಳೆಯಲಿಲ್ಲ. "ನನ್ನ ಕೈಗುಣವೇ ಹೋಯಿತು" ಅಂದರು. ಮೂವತ್ತು ವರ್ಷ ಮಲ್ಲಿಗೆ ಬೆಳೆಸಿದವರ ಬಾಯಿಂದ ಈ ಮಾತು ಬರಬಾರದಿತ್ತು.

ತಪ್ಪು ಉಮ್ಮನದ್ದಲ್ಲ. ಹೆಲೆಬೋರ್ ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಗಿಡ. ಅದರ ಹೆಚ್ಚಿನ ಜಾತಿಗಳು ಬಾಲ್ಕನ್ ಗುಡ್ಡಗಳ ಕಡೆಯವು. ಬೀಜಕ್ಕೆ ಮೊದಲು ಸ್ವಲ್ಪ ಕಾಲ ಬಿಸಿ, ಆಮೇಲೆ ವಾರಗಟ್ಟಲೆ ಚಳಿ ಸಿಗಬೇಕು. ಬೀಜ ಹಳತಾದರೆ ಇನ್ನೂ ಕಷ್ಟ. ಮೊಳೆತ ಮೇಲೂ ಹೂ ನೋಡಲು ಎರಡು ಮೂರು ವರ್ಷ ಕಾಯಬೇಕು. ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಮೊಳಕೆ ಬರಿಸಬಹುದು ಅನ್ನೋಣ, ಗಿಡವನ್ನೂ ಫ್ರಿಜ್ಜಿನಲ್ಲಿ ಸಾಕಲಾಗುತ್ತದೆಯೇ? ಮೇಲಿಂದ ನಮ್ಮ ಮಳೆಗಾಲ. ಬುಡದಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ಗಿಡದ ಎಲೆ, ಬೇರು, ಬೀಜ ಎಲ್ಲವೂ ವಿಷ. ರಸ ತಾಗಿದರೆ ಚರ್ಮ ಉರಿಯುತ್ತದೆ. ಮಕ್ಕಳು, ಆಡುಗಳು ಓಡಾಡುವ ಅಂಗಳ ನಮ್ಮದು. ನಮಗೆ ಬಂದ ಪ್ಯಾಕೆಟ್ಟಿನ ಮೇಲೆ ವಿಷದ ಸುದ್ದಿಯೂ ಇಲ್ಲ, ಚಳಿಯ ಸುದ್ದಿಯೂ ಇಲ್ಲ.

ಚಳಿ ದೇಶದಲ್ಲಿರುವ ನಮ್ಮವರು ಖಂಡಿತ ಬೆಳೆಸಲಿ. ಚಳಿಗಾಲದಲ್ಲಿ ಎಲೆ ಉದುರುವ ಮರದ ಕೆಳಗೆ, ಗೊಬ್ಬರವಿರುವ, ನೀರು ಬಸಿದುಹೋಗುವ ಮಣ್ಣಿನಲ್ಲಿ ನೆಡಿ. ಬುಡವನ್ನು ಆಳಕ್ಕೆ ಹೂಳಬೇಡಿ. ಮೊಗ್ಗು ಮೇಲೇಳುವ ಹೊತ್ತಿಗೆ ಹಳೆಯ ಎಲೆಗಳನ್ನು ಕತ್ತರಿಸಿ, ಕೈಗೆ ಗ್ಲೌಸ್ ಇರಲಿ. ಪದೇ ಪದೇ ಕಿತ್ತು ಜಾಗ ಬದಲಿಸಬೇಡಿ. ನಾವು ದಳ ಅಂದುಕೊಳ್ಳುವುದು ನಿಜವಾಗಿ ಪುಷ್ಪಪತ್ರ. ಹಾಗಾಗಿ ಹೂ ಬೇಗ ಉದುರದೆ ವಾರಗಟ್ಟಲೆ ನಿಲ್ಲುತ್ತದೆ.

ಉಪ್ಪ ಅಂಗಡಿಯಲ್ಲಿ ಯಾವ ಸಾಮಾನು ಕೊಡುವ ಮೊದಲೂ "ಇದು ಯಾವುದಕ್ಕೆ?" ಎಂದು ಕೇಳುತ್ತಿದ್ದರು. ಆಗದ್ದಾದರೆ ಆಗುವುದಿಲ್ಲ ಅನ್ನುತ್ತಿದ್ದರು, ವ್ಯಾಪಾರ ಹೋದರೂ ಸರಿ. ಬೀಜ ಮಾರುವವರೂ ಅಷ್ಟು ಮಾಡಲಿ. ಎಲ್ಲಿ ಬೆಳೆಯುವುದಿಲ್ಲ, ಯಾರಿಗೆ ಅಪಾಯ ಎಂದು ಪ್ಯಾಕೆಟ್ ಮೇಲೆ ಬರೆಯಲಿ. ಕೊಳ್ಳುವ ನಾವೂ ಒಮ್ಮೆ ಕೇಳೋಣ. ಡಿಪ್ಲೊಮಾ ಓದಿದ ನಾನೇ ಕೇಳಲಿಲ್ಲ.

ಈ ಮಳೆಗೆ ಅದೇ ಚಟ್ಟಿಯಲ್ಲಿ ಮಲ್ಲಿಗೆಯ ಗೆಲ್ಲು ಊರಿದೆವು. ಚಿಗುರಿದೆ. ಉಮ್ಮ ಈಗ ಕೈಗುಣದ ಮಾತು ಎತ್ತುವುದಿಲ್ಲ.