ಕಂಡ ಚಿಗರಿಯನ್ನು ಬಿಟ್ಟು ಕಾಣದ ಹುಲಿಯೇಕೆ?

‘ನೀವು ಪ್ರಾಣಿಯೊಂದನ್ನು ಎದುರಾದ ಸಂದರ್ಭವನ್ನು ವರ್ಣಿಸಿ ಪ್ರಬಂಧ ಬರೆಯಿರಿ’ ಎಂದರೆ ನಮ್ಮ ತರಗತಿಯಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಟ್ಟವಾದ ಕಾಡು ಬರುತ್ತದೆ, ಕತ್ತಲು ಬರುತ್ತದೆ, ಘರ್ಜಿಸುವ ಹುಲಿ ಬರುತ್ತದೆ. ಕೊನೆಗೆ ‘ಪ್ರಾಣಿಗಳನ್ನು ಸಂರಕ್ಷಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ’ ಎಂಬ ಸಾಲು ಬರುತ್ತದೆ. ಬಯಲಲ್ಲಿ ಹುಲಿಯನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಹುಲಿಯ ಬಗ್ಗೆ ಬರೆದವರೇ ಹೆಚ್ಚು.

ಇದಕ್ಕೆ ವಿದ್ಯಾರ್ಥಿಗಳ ಸೋಮಾರಿತನ ಕಾರಣವೆಂದು ನನಗೆ ಅನಿಸುವುದಿಲ್ಲ. ನಾವು ಕಲಿತದ್ದೇ ಹಾಗೆ. ಪ್ರೌಢಶಾಲೆಯಿಂದ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಪೆಟ್ಟಿಗೆಗಳನ್ನು ಕೊಟ್ಟು ತುಂಬಿಸಿ ಎಂದಿದ್ದಾರೆ. ತುಂಬಲು ಬೇಕಾದ ಸಾಲುಗಳು ಗೈಡಿನಲ್ಲಿ ಸಿದ್ಧವಾಗಿವೆ. ನಾವು ಕಣ್ಣಾರೆ ಕಂಡದ್ದಕ್ಕೆ ಅಲ್ಲಿ ಜಾಗವೇ ಇಲ್ಲ.

ಕಂಡದ್ದು ಕಡಿಮೆಯೇ? ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, ಅದರ ವಿಸ್ತೀರ್ಣ 119 ಚದರ ಕಿಲೋಮೀಟರ್. ಪುಸ್ತಕ ಕೃಷ್ಣಮೃಗ ಎನ್ನುವುದನ್ನು ನಮ್ಮ ಊರವರು ಚಿಗರಿ ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ಆ ಕಡೆಯ ಹಳ್ಳಿಗಳಿಂದ ಬರುವ ಗೆಳೆಯರಿಗೆ ಚಿಗರಿ ಚಿತ್ರದಲ್ಲಿರುವ ಪ್ರಾಣಿಯಲ್ಲ, ಮೊಳಕೆಯೊಡೆದ ಗೋವಿನಜೋಳವನ್ನು ಮೇಯಲು ಬರುವ ಪ್ರಾಣಿ. ಬೆಳೆದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ತಿರುಚಿಕೊಂಡಿರುತ್ತದೆ. ಹೆಣ್ಣಿನ ಮೈ ಕಂದು, ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಒಂದು ಬೆದರಿ ನೆಗೆದರೆ ಹಿಂದಿನವೂ ಒಂದರ ಹಿಂದೊಂದು ನೆಗೆಯುತ್ತವೆ. ಇದನ್ನೆಲ್ಲ ಬದುವಿನ ಮೇಲೆ ನಿಂತು ನೋಡಿದ ಹುಡುಗ ಪ್ರಬಂಧದಲ್ಲಿ ಹುಲಿಯನ್ನು ಬರೆಯುತ್ತಾನೆ. ಚಿಗರಿಯ ಬಗ್ಗೆ ಬರೆದರೆ ಅದು ಪ್ರಬಂಧವೇ ಅಲ್ಲ ಎಂದು ಅವನು ತಿಳಿದಿದ್ದಾನೆ.

ನಮ್ಮಲ್ಲಿ ಹಲವರ ಮನೆಯಲ್ಲಿ ಇನ್ನೊಂದು ಅನುಭವವಿದೆ. ಬಕ್ರೀದ್‌ಗೆ ಕೆಲವು ದಿನ ಮೊದಲೇ ಹೋತವನ್ನೋ ಟಗರನ್ನೋ ತಂದು ಕಟ್ಟುತ್ತಾರೆ. ಸೊಪ್ಪು ತಂದು ಹಾಕುವುದು, ನೀರು ಕುಡಿಸುವುದು ಮಕ್ಕಳ ಕೆಲಸ. ಎರಡು ದಿನದಲ್ಲಿ ಅದು ನಮ್ಮ ಹೆಜ್ಜೆ ಸಪ್ಪಳ ಗುರುತಿಸುತ್ತದೆ. ಮನೆಯ ಚಿಕ್ಕವರು ಅದಕ್ಕೆ ಹೆಸರನ್ನೂ ಇಡುತ್ತಾರೆ. ಹಬ್ಬದ ದಿನ ಆ ಚಿಕ್ಕವರ ಮುಖ ಹೇಗಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಪ್ರಾಣಿಯೊಂದಿಗೆ ಇಷ್ಟು ಹತ್ತಿರದ ಒಡನಾಟ ಗೈಡ್ ಬರೆದವರಿಗೂ ಇರಲಿಕ್ಕಿಲ್ಲ. ಆದರೆ ಅದನ್ನು ನಾವು ಬರೆಯುವುದಿಲ್ಲ. ಓದಿದವರು ಏನು ತಿಳಿಯುತ್ತಾರೋ ಎಂಬ ಅಳುಕು. ದೀಪಾವಳಿಯ ಹೋರಿ ಹಬ್ಬಕ್ಕೆ ಕೊಬ್ಬರಿ ಸರ ಕಟ್ಟಿಸಿಕೊಂಡು ಓಡುವ ಹೋರಿಯನ್ನು ವರ್ಷವಿಡೀ ಮೈ ತಿಕ್ಕಿ ಸಾಕಿದ ಗೆಳೆಯನೂ ಬರೆಯುವುದಿಲ್ಲ. ಇಬ್ಬರೂ ಕೂಡಿ ಹುಲಿಯ ಬಗ್ಗೆ ಬರೆಯುತ್ತಾರೆ.

ಭಾಷೆಯ ಅಳುಕೂ ಇದೆ. ನಮ್ಮಲ್ಲಿ ಅನೇಕರ ಮನೆಮಾತು ಉರ್ದು. ಮನೆಯಲ್ಲಿ ಹಿರನ್, ಓಣಿಯಲ್ಲಿ ಚಿಗರಿ, ಪುಸ್ತಕದಲ್ಲಿ ಕೃಷ್ಣಮೃಗ. ನಮ್ಮ ಕನ್ನಡ ‘ಶುದ್ಧ’ವಲ್ಲ ಎಂಬ ಹೆದರಿಕೆಗೆ ಗೈಡಿನ ಕನ್ನಡವನ್ನು ಎರವಲು ತರುತ್ತೇವೆ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಕಾಗುಣಿತ ತಿದ್ದಿ, ವಾಕ್ಯ ತಿದ್ದಿ, ಆದರೆ ‘ಚಿಗರಿ’ಯನ್ನು ಹೊಡೆದುಹಾಕಿ ‘ಕೃಷ್ಣಮೃಗ’ ಎಂದು ಬರೆಯಬೇಡಿ.

ಚೆನ್ನಾಗಿ ನೋಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಸಲೀಂ ಅಲಿಯವರೇ ಸಾಕ್ಷಿ. ಬಾಲಕನಾಗಿದ್ದಾಗ ಅವರು ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ದಿನವೂ ಕಾಣುವ ಗುಬ್ಬಿಯಲ್ಲ ಎಂಬ ಅನುಮಾನ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಒಯ್ದಿತು. ಒಂದು ಮಚ್ಚೆಯನ್ನು ಗಮನಿಸಿದ ಹುಡುಗ ಮುಂದೆ ದೇಶದ ಹಕ್ಕಿಗಳನ್ನೆಲ್ಲ ವರ್ಣಿಸಿ ಬರೆದರು. ಅವರ ಬರಹದಲ್ಲಿ ಹಕ್ಕಿ ‘ಅತಿ ಸುಂದರ’ ಎಂದಷ್ಟೇ ಇದ್ದಿದ್ದರೆ ಯಾರಿಗೂ ಯಾವ ಹಕ್ಕಿಯೂ ಗುರುತು ಸಿಗುತ್ತಿರಲಿಲ್ಲ.

ನಮ್ಮ ರಾಣೇಬೆನ್ನೂರಿನ ಹುಲ್ಲುಗಾವಲಿನಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇತ್ತು. ಈಗ ಇಲ್ಲ. ಕಂಡವರು ಬರೆದಿಟ್ಟದ್ದರಿಂದ ಅದು ಇಲ್ಲಿತ್ತೆಂದು ನಮಗೆ ಗೊತ್ತು. ನಾಳೆ ಚಿಗರಿಯ ಬಗ್ಗೆ ಕೇಳುವವರಿಗೆ ನಾವು ಏನು ಬಿಟ್ಟು ಹೋಗುತ್ತೇವೆ? ಗೈಡಿನ ಹುಲಿಯನ್ನೇ?

ಇದರಲ್ಲಿ ಹೊಟ್ಟೆಪಾಡಿನ ಮಾತೂ ಇದೆ. ಹೊಲ ಹಾಳಾದಾಗ ಅಪ್ಪನ ಪರವಾಗಿ ಅರಣ್ಯ ಇಲಾಖೆಗೆ ಅರ್ಜಿ ಬರೆಯುವವರು ಪಿಯುಸಿ ಓದುವ ಮಕ್ಕಳೇ. ‘ಅಪಾರ ನಷ್ಟವಾಗಿದೆ’ ಎಂದು ಬರೆದರೆ ಯಾರಿಗೆ ಏನು ತಿಳಿಯುತ್ತದೆ? ಯಾವ ದಿನ, ಯಾವ ಹೊಲ, ಎಷ್ಟು ಗುಂಟೆ, ಬೆಳೆ ಎಷ್ಟು ಎತ್ತರ ಬಂದಿತ್ತು, ಹೆಜ್ಜೆ ಎಂಥದ್ದಿತ್ತು ಎಂದು ಬರೆಯಬೇಕು. ಚಿರತೆ ಬಂದಿದೆ ಎಂದು ಮೊಬೈಲಿನಲ್ಲಿ ವಿಡಿಯೊ ಹರಿದಾಡಿದಾಗಲೂ ‘ನೀವು ಕಂಡಿರಾ? ಎಲ್ಲಿ? ಎಷ್ಟು ಹೊತ್ತಿಗೆ?’ ಎಂದು ಕೇಳುವವರು ಬೇಕು. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿ ಹೇಳುವ ಅಭ್ಯಾಸ ವರ್ಣನೆಯ ಪ್ರಬಂಧದಿಂದಲೇ ಆಗಬೇಕು.

ಒಂದು ತರಗತಿಯ ಅಷ್ಟೂ ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರಿಗೆ ಇದು ಹೊರೆ, ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುವುದೂ ಖಚಿತವಿಲ್ಲ ಎಂಬ ಮಾತು ನ್ಯಾಯವಾದದ್ದೇ. ಅದಕ್ಕೆ ತಿಂಗಳಿಗೆ ಒಂದು ಪೀರಿಯಡ್, ಅರ್ಧ ಪುಟ ಸಾಕು. ಬರೆಯುವ ಮೊದಲು ಐದು ಪ್ರಶ್ನೆ ಕೇಳಿ: ಎಲ್ಲಿ ನಿಂತಿದ್ದೆ? ಮೊದಲು ಕಂಡದ್ದೋ, ಕೇಳಿಸಿದ್ದೋ? ಪ್ರಾಣಿ ಏನು ಮಾಡುತ್ತಿತ್ತು? ನಿನ್ನನ್ನು ಕಂಡು ಏನು ಮಾಡಿತು? ಆಗ ನೀನು ಏನು ಮಾಡಿದೆ? ‘ಸುಂದರ’, ‘ಭಯಾನಕ’ ಎಂಬ ಎರಡು ಪದಗಳನ್ನು ಆ ದಿನದ ಮಟ್ಟಿಗೆ ನಿಷೇಧಿಸಿ. ಕಾಣದ್ದನ್ನು ಕಂಡೆನೆಂದು ಬರೆದವರಿಗಿಂತ ಗೋಡೆಯ ಹಲ್ಲಿಯನ್ನು ಸರಿಯಾಗಿ ನೋಡಿದವರಿಗೆ ಹೆಚ್ಚು ಅಂಕ ಕೊಡಿ. ಪ್ರಬಂಧಕ್ಕೆಂದು ಯಾರೂ ಕಾಡುಪ್ರಾಣಿಯ ಹತ್ತಿರವಾಗಲಿ, ಓಡುವ ಹೋರಿಯ ಮುಂದಾಗಲಿ ಹೋಗಬಾರದು ಎಂಬುದನ್ನೂ ಮೊದಲೇ ಹೇಳಿ.

ಗೆಳೆಯರೇ, ಅಧ್ಯಾಪಕರು ಶುರು ಮಾಡಲಿ ಎಂದು ನಾವು ಕಾಯಬೇಕಿಲ್ಲ. ಮುಂದಿನ ಸಂಚಿಕೆಯಲ್ಲಿ ‘ನಾನು ಕಂಡದ್ದು’ ಎಂದು ಒಂದು ಪುಟ ಬಿಡಿ ಎಂದು ಸಂಪಾದಕರನ್ನು ಕೇಳೋಣ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚಕ್ಕಡಿಯ ಕೆಳಗೆ ಮಲಗಿದ ನಾಯಿಯಾಗಲಿ, ಬಂಕಾಪುರದ ಕೋಟೆಯ ನವಿಲಾಗಲಿ, ಅಂಗಳದಲ್ಲಿ ಕಟ್ಟಿದ ಹೋತವಾಗಲಿ, ಅರ್ಧ ಪುಟ ಬರೆದು ಕೊಡಿ. ಹುಲಿಗೆ ಮಾತ್ರ ಈ ವರ್ಷ ರಜೆ ಕೊಡೋಣ.