ಬಿಚ್ಚಬಹುದು, ಕಿತ್ತೊಗೆಯಲಾಗದು

ಅಮೆರಿಕದಲ್ಲಿ 1984ರಿಂದ 2001ರವರೆಗೆ ಮಾರಾಟವಾದ ಜೀಪ್ ಚೆರೋಕಿ ಎಕ್ಸ್‌ಜೆ ವಾಹನವನ್ನು ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡು ಬಂದವರಲ್ಲಿ ಕೆಲವರು, ಅದರ ಮುಂಭಾಗದಲ್ಲಿ ವಾಲುವಿಕೆಯನ್ನು ತಡೆಯುವ ಸ್ವೇ ಬಾರನ್ನು ಕಳಚಿ ಶಾಶ್ವತವಾಗಿ ಮೂಲೆಗೆ ಸೇರಿಸಿಬಿಡುತ್ತಾರೆ. ಯೂಟಾ ರಾಜ್ಯದ ಮೋಯಬ್‌ನಲ್ಲಿ ಮರಳುಗಲ್ಲಿನ ಬಂಡೆಗಳನ್ನೇರುವ ಸಾಹಸಿಗಳಿಗೆ ಆ ಸರಳು ಪ್ರತಿಬಂಧಕವೆಂದು ತೋರುವುದು ಸಹಜವೇ ಆದರೂ, ಬಂಡೆಯ ಮೇಲೆ ದೊರೆತ ಅನುಭವವನ್ನು ಹೆದ್ದಾರಿಗೂ ಅನ್ವಯಿಸುವುದು ಅವಿಚಾರವೆಂಬುದು ನನ್ನ ದೃಢವಾದ ಅಭಿಪ್ರಾಯ.

ತುದಿಗಳೆರಡೂ ಬಾಗಿದ ಈ ಉಕ್ಕಿನ ಸರಳಿನ ನಡುಭಾಗವು ರಬ್ಬರ್ ಬುಷ್‌ಗಳ ಆಧಾರದಿಂದ ವಾಹನದ ಒಡಲಿಗೂ, ತುದಿಗಳು ಲಿಂಕ್‌ಗಳ ಮೂಲಕ ಅಚ್ಚಿಗೂ ಸೇರಿರುತ್ತವೆ. ಗಾಲಿಗಳೆರಡೂ ಒಟ್ಟಿಗೆ ಉಬ್ಬನ್ನೇರಿದರೆ ಅದು ಬುಷ್‌ಗಳಲ್ಲಿ ಹೊರಳುತ್ತದೆ, ಅಷ್ಟೆ. ಒಂದು ಮಾತ್ರ ಏರಿದಾಗಲಾದರೋ ತಿರುಚಿಕೊಂಡು ಪ್ರತಿರೋಧಿಸುತ್ತದೆ. ಈ ಪ್ರತಿರೋಧವು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, 25 ಮಿ.ಮೀ. ಸರಳಿಗಿಂತ ಅದೇ ಆಕಾರದ 28 ಮಿ.ಮೀ. ಸರಳು ಒಂದೂವರೆ ಪಟ್ಟಿಗೂ ಮಿಗಿಲಾದ ಬಿಗುವುಳ್ಳದ್ದು. ಬಂಡೆಯ ಸಂದಿನಲ್ಲಿ ಒಂದು ಗಾಲಿ ನೆಲ ಬಿಟ್ಟು ವೃಥಾ ಸುತ್ತುವುದಕ್ಕೆ ಈ ಬಿಗುವೂ ಒಂದು ಕಾರಣ.

ತೆಗೆದುಹಾಕಿದವರು ಸಾಮಾನ್ಯವಾಗಿ ಹೇಳುವುದು, ತಿರುವಿನಲ್ಲಿ ಗಾಡಿ ತುಸು ಹೆಚ್ಚು ವಾಲುತ್ತದೆ, ನಿಧಾನವಾಗಿ ನಡೆಸಿದರಾಯಿತು ಎಂದು. ವಾಲುವಿಕೆಯೊಂದೇ ಇಲ್ಲಿಯ ಪ್ರಶ್ನೆಯಾಗಿದ್ದರೆ ನಾನೂ ಒಪ್ಪುತ್ತಿದ್ದೆ. ತಿರುವಿನಲ್ಲಿ ಒಳಗಾಲಿಗಳಿಂದ ಹೊರಗಾಲಿಗಳಿಗೆ ಸರಿಯುವ ಭಾರದ ಒಟ್ಟು ಪ್ರಮಾಣವನ್ನು ಗುರುತ್ವಕೇಂದ್ರದ ಎತ್ತರವೂ ಗಾಲಿಗಳ ನಡುವಣ ಅಗಲವೂ ಬಹುಮಟ್ಟಿಗೆ ನಿರ್ಣಯಿಸುತ್ತವೆ. ಸ್ವೇ ಬಾರ್ ನಿರ್ಣಯಿಸುವುದು, ಆ ಭಾರ ಮುಂದಿನ ಮತ್ತು ಹಿಂದಿನ ಅಚ್ಚುಗಳಲ್ಲಿ ಹೇಗೆ ಹಂಚಿಹೋಗಬೇಕೆಂಬುದನ್ನು. ಮುಂದಿನದನ್ನು ತೆಗೆದರೆ ಹಿಂದಿನ ಅಚ್ಚಿನ ಪಾಲು ಹೆಚ್ಚಿ, ಹಠಾತ್ತನೆ ಸ್ಟೀರಿಂಗ್ ತಿರುಗಿಸಬೇಕಾದ ಪ್ರಸಂಗದಲ್ಲಿ ವಾಹನದ ಹಿಂಭಾಗವೇ ಮೊದಲು ಜಾರುವ ಪ್ರವೃತ್ತಿ ಬಲಿಯುತ್ತದೆ. ಹಿಂದಿನ ಬಾರ್ ಇರುವ ಎಕ್ಸ್‌ಜೆಯಲ್ಲಿ ಅದನ್ನುಳಿಸಿ ಮುಂದಿನದನ್ನು ಮಾತ್ರ ತೆಗೆಯುವುದಂತೂ ಅತ್ಯಂತ ಅನರ್ಥಕಾರಿ. ಎತ್ತರದ ಸ್ಪ್ರಿಂಗ್‌ಗಳನ್ನು ಹಾಕಿಸಿ ಗುರುತ್ವಕೇಂದ್ರವನ್ನು ಮೇಲಕ್ಕೇರಿಸಿದ್ದಲ್ಲಿ ಅಪಾಯ ಇಮ್ಮಡಿಸೀತು. ಅಮೆರಿಕದಲ್ಲಿ 2012ರ ಮಾದರಿಗಳಿಗೆ ಕಡ್ಡಾಯವಾದ ವಿದ್ಯುನ್ಮಾನ ಸ್ಥಿರತಾ ನಿಯಂತ್ರಣ ಈ ಹಳೆಯ ಜೀಪುಗಳಲ್ಲಿಲ್ಲ. ತಪ್ಪಿದ ಸಮತೋಲವನ್ನು ತಾನಾಗಿ ಸರಿಪಡಿಸುವ ಉಪಕರಣ ಯಾವುದೂ ಅಲ್ಲಿ ನೆರವಿಗೆ ಬಾರದು.

ಎಷ್ಟೋ ವೇಳೆ ತೆಗೆಯುವುದಕ್ಕೆ ಕಾರಣ ಬಂಡೆಯೂ ಅಲ್ಲ, ಸವೆದ ಲಿಂಕ್‌ನ ಕಟಕಟ ಸದ್ದು. ಹೊಸ ಬುಷ್ ಮತ್ತು ಲಿಂಕ್ ಹಾಕಿದರೆ ನಿಲ್ಲುವ ಸದ್ದಿಗಾಗಿ ಸರಳನ್ನೇ ವಿಸರ್ಜಿಸುವುದು ನ್ಯಾಯವಲ್ಲ.

ಬಂಡೆಯ ಮೇಲಷ್ಟೇ ಸರಳನ್ನು ಬಿಡಿಸುವ ದಾರಿಯೂ ಇದೆ: ಜೀಪ್ ಕಂಪನಿಯೇ 2007ರ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಗುಂಡಿಯೊತ್ತಿದೊಡನೆ ಬಿಡುಗಡೆಯಾಗುವ, ವೇಗ ಹೆಚ್ಚಿದರೆ ತಾನೇ ಮರಳಿ ಜೋಡಣೆಗೊಳ್ಳುವ ಸ್ವೇ ಬಾರನ್ನು ಅಳವಡಿಸಿತು. ಹಳೆಯ ಎಕ್ಸ್‌ಜೆಗೆ ಪಿನ್ ಎಳೆದು ಬಿಚ್ಚಬಹುದಾದ ಲಿಂಕ್‌ಗಳು ಸಾಕು. ಬಿಚ್ಚಿದ ತುದಿಗಳು ಬ್ರೇಕ್ ಹೋಸಿಗೂ ಟೈರಿಗೂ ತಾಗದಂತೆ ಮೇಲಕ್ಕೆತ್ತಿ ಕಟ್ಟಬೇಕು. ಡಾಂಬರು ರಸ್ತೆಯನ್ನು ಸೇರುವ ಮುನ್ನ ಅವನ್ನು ಮತ್ತೆ ಜೋಡಿಸಲು ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ರಂಧ್ರಗಳು ಒಂದಕ್ಕೊಂದು ಹೊಂದದೆ ಪಿನ್ ಒಳಸೇರುವುದಿಲ್ಲ.